ಕೋಡ್ ಬೇಡ, ಕಿವಿ ಬೇಕು ಎಂದೆ

ಕನ್ನಡ ಓದಿ ಹೇಳುವ ಮುಕ್ತ ತಂತ್ರಾಂಶ ಮೊದಲಿನಿಂದಲೂ ಇದೆ. ಈಸ್ಪೀಕ್ ಎನ್‌ಜಿ ಕನ್ನಡ ಓದುತ್ತದೆ. ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶ) ಜೊತೆಗೇ ಅದು ಬರುತ್ತದೆ. ನಾನು ಮಾಡಿದ್ದು ಅದರ ಹಿಂದಿನ ಹಂತದ ಕೆಲಸ. ಬರಹ ಧ್ವನಿಯಾಗುವ ಮೊದಲು ಅದನ್ನು ಸರಿಮಾಡಿ ಕೊಡುವ ಒಂದು ಪುಟ್ಟ ತಂತ್ರಾಂಶ. ಈಸ್ಪೀಕ್‌ನಂತೆಯೇ ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಜಿಪಿಎಲ್ 3 ಪರವಾನಗಿ ಕೊಟ್ಟು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಿದೆ.

‘ಆಸಕ್ತರು ಕೈಜೋಡಿಸಿ’ ಅಂತ ಸುಮ್ನೆ ಬರೆದರೆ ಯಾರೂ ಬರುವುದಿಲ್ಲ. ಏನು ಮಾಡಬೇಕು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ಹೀಗೆ ಕೇಳಿದೆ: ‘ಇವತ್ತಿನ ಪೇಪರ್ ಓದಿಸಿ. ತಪ್ಪಾಗಿ ಓದಿದ ಒಂದೇ ಒಂದು ಸಾಲು ಕಳಿಸಿ. ವಾಟ್ಸ್‌ಆಪ್‌ನಲ್ಲಿ ಮಾತಾಡಿ ಕಳಿಸಿದರೂ ಸಾಕು.’ ಗಿಟ್‌ಹಬ್‌ನಲ್ಲಿ ದಾಖಲಿಸುವ ಕೆಲಸ ನನ್ನದು.

ದಿನವಿಡೀ ಸ್ಕ್ರೀನ್ ರೀಡರ್ ಬಳಸುವ ಅಂಧ ಶಿಕ್ಷಕರು, ಪರೀಕ್ಷೆಗೆ ಓದುವ ಹುಡುಗರು ಕಳಿಸತೊಡಗಿದರು. ಕಣ್ಣಿಗೆ ಕಾಣದ ತಪ್ಪುಗಳೇ ಜಾಸ್ತಿ. ‘ಬೆ೦ಗಳೂರು’ ಎಂಬುದನ್ನೇ ನೋಡಿ. ಇಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿದೆ. ನೋಡಲು ಎರಡೂ ಒಂದೇ. ಯಂತ್ರ ಮಾತ್ರ ಊರಿನ ಹೆಸರಿನ ಮಧ್ಯೆ ‘ಸೊನ್ನೆ’ ಎನ್ನುತ್ತದೆ! ಅಕ್ಷರದ ಪಕ್ಕ ಸೊನ್ನೆ ಬಂದರೆ ಅನುಸ್ವಾರ ಮಾಡು, ೨೦೨೪ರಂಥ ಅಂಕಿಗಳ ನಡುವೆ ಬಂದರೆ ಮುಟ್ಟಬೇಡ ಅಂತ ನಿಯಮ ಬರೆದೆವು. ‘ಡಾ. ರಾಜ್‌ಕುಮಾರ್’ ಇನ್ನೊಂದು ತಲೆನೋವು. ಚುಕ್ಕಿ ಕಂಡರೆ ವಾಕ್ಯ ಮುಗಿಯಿತು ಅಂದುಕೊಳ್ಳುತ್ತದೆ. ‘ಜ್’ ಆದಮೇಲೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರ ಬೇರೆ ಇರುತ್ತದೆ. ಅದನ್ನು ಮೊದಲೇ ತೆಗೆದುಹಾಕಿದರೆ ಹೆಸರು ತುಂಡಾಗುವ ಭಯವಿಲ್ಲ.

ಕೋಡ್ ಬರೆಯುವವರು ಆಮೇಲೆ ಬಂದರು. ಬಂದವರೇ ‘ಈ ರೋಬೋ ದನಿ ಯಾಕೆ? ಮನುಷ್ಯರ ಹಾಗೆ ಮಾತಾಡುವ ನ್ಯೂರಲ್ (ಎಐ) ಮಾದರಿ ಹಾಕೋಣ’ ಎಂದರು. ಬಳಕೆದಾರರು ಒಪ್ಪಲಿಲ್ಲ. ಅವರು ಕೇಳುವ ವೇಗ ನಮಗೆ ಅರ್ಥವೇ ಆಗದಷ್ಟು. ಆ ವೇಗದಲ್ಲೂ ಈಸ್ಪೀಕ್ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಕೀಲಿ ಒತ್ತಿದ ತಕ್ಷಣ ಮಾತು ಬರುತ್ತದೆ, ಹಳೇ ಕಂಪ್ಯೂಟರಲ್ಲೂ ಓಡುತ್ತದೆ. ಕಥೆ ಕೇಳಲು ಇಂಪಾದ ದನಿ ಇರಲಿ, ಕೆಲಸಕ್ಕೆ ಇದೇ ಇರಲಿ ಎಂದರು. ನನಗೂ ಅದೇ ಸರಿ ಅನ್ನಿಸಿತು. ಯಾವ ದನಿ ಬೇಕೆನ್ನುವುದನ್ನು ಬಳಸುವವರೇ ಹೇಳಬೇಕು.

ಸದ್ಯ ‘ಫ’ದ ಕೆಲಸ ಬಾಕಿ ಇದೆ. ‘ಫಲ’ದ ಫ ಬೇರೆ, ‘ಫ್ಯಾನ್’ನ ಫ ಬೇರೆ. ಬರೆಯುವುದು ಮಾತ್ರ ಸಾಮಾನ್ಯವಾಗಿ ಒಂದೇ ಥರ. ಇದಕ್ಕೆ ಪದಪಟ್ಟಿಯೇ ದಾರಿ. ಫಕಾರದ ಹತ್ತು ಪದ ನೆನಪಾದರೂ ಕಳಿಸಿ.