ಕಿಮೊನೊ ಚೂರಿನಿಂದ ಕಿವಿಯೋಲೆ

ಪ್ರತಿ ತಿಂಗಳು 21ಕ್ಕೆ ಜಪಾನಿನ ಕ್ಯೋಟೊದ ತೋಜಿ ದೇವಾಲಯದ ಅಂಗಳದಲ್ಲಿ ಸಂತೆ ಸೇರುತ್ತದೆ. 25ಕ್ಕೆ ಕಿತಾನೊ ತೆನ್‌ಮಾಂಗು ಗುಡಿಯಲ್ಲಿ. ಈ ಊರಿಗೆ ಬಂದ ಮೇಲೆ ನನ್ನ ತಿಂಗಳು ಈ ಎರಡು ತಾರೀಖುಗಳ ಸುತ್ತಲೇ ತಿರುಗುತ್ತಿದೆ. ಬೆಳಿಗ್ಗೆ ಬೇಗ ಹೋಗಿ, ಹಳೆ ಕಿಮೊನೊಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹುಡುಕುತ್ತೇನೆ. ನನಗೆ ಬೇಕಾದ್ದು ಚೂರುಗಳು. ಇಲ್ಲಿ ಅದಕ್ಕೆ ಹಗಿರೆ ಅನ್ನುತ್ತಾರೆ. ಅದರಿಂದ ಓಲೆ, ಬ್ರೂಚ್, ಮುಡಿಗೆ ಸಿಕ್ಕಿಸುವ ಹೂವು ಮಾಡುತ್ತೇನೆ.

ಬಣ್ಣ ನೋಡಿ ಮರುಳಾಗಬಾರದು ಅನ್ನೋದು ನಾನು ಮೊದಲು ಕಲಿತ ಪಾಠ. ಈಗ ಚೂರನ್ನು ಬೆಳಕಿಗೆ ಹಿಡಿಯುತ್ತೇನೆ. ನುಸಿ ತಿಂದ ತೂತುಗಳು ಆಗ ಕಾಣುತ್ತವೆ. ಆಮೇಲೆ ಅಂಗಡಿಯವರನ್ನು ಕೇಳಿ, ಅಂಚನ್ನು ಎರಡು ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತೇನೆ. ಒಣ ಎಲೆಯ ಹಾಗೆ ಸದ್ದು ಬಂದರೆ ವಾಪಸ್ ಇಟ್ಟುಬಿಡುತ್ತೇನೆ. ಆ ರೇಷ್ಮೆಯಲ್ಲಿ ಜೀವ ಉಳಿದಿಲ್ಲ. ಮಡಚಿದ ಕಡೆಯೇ ಸೀಳುತ್ತದೆ.

ಕೆಲವೊಮ್ಮೆ ಹರಿದ ಇಡೀ ಕಿಮೊನೊ ಸಿಗುತ್ತದೆ. ಅದನ್ನು ಬಿಚ್ಚುವ ಸಂಜೆಗಳು ನನಗೆ ತುಂಬಾ ಇಷ್ಟ. ಕಿಮೊನೊ ಬಟ್ಟೆಯ ಅಗಲ ಸುಮಾರು 36 ಸೆಂಟಿಮೀಟರ್, ನಮ್ಮ ಒಂದು ಮೊಳಕ್ಕೂ ಕಡಿಮೆ. ಉದ್ದ ಸುಮಾರು 12 ಮೀಟರ್. ಅದನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಕೈಯಲ್ಲೇ ಹೊಲಿದಿರುತ್ತಾರೆ. ದಾರ ಎಳೆದರೆ ಅದೇ ಪಟ್ಟಿಗಳು ಮತ್ತೆ ಕೈಗೆ ಬರುತ್ತವೆ. ಹಿಂದೆ ಇಲ್ಲಿನ ಮನೆಗಳಲ್ಲಿ ಹೀಗೆ ಬಿಚ್ಚಿ, ಒಗೆದು, ಹಲಗೆ ಮೇಲೆ ಎಳೆದು ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು. ಅದಕ್ಕೆ ಅರಾಯ್‌ಹಾರಿ ಅಂತ ಹೆಸರು. ನಮ್ಮ ವಿಜಯಪುರದ ಕಡೆ ಹಳೆ ಸೀರೆಗಳೆಲ್ಲ ಕೌದಿಯಾಗುತ್ತಿದ್ದವು. ಅದನ್ನು ನೋಡಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಒಗೆಯುವ ವಿಷಯದಲ್ಲಿ ಮಾತ್ರ ಪೆಟ್ಟು ತಿಂದೆ. ಚಿರಿಮೆನ್ ಅನ್ನೋದು ಕ್ರೇಪ್ ರೇಷ್ಮೆ. ಕ್ಯೋಟೊದ ಉತ್ತರಕ್ಕಿರುವ ತಾಂಗೊ ಸೀಮೆಯಲ್ಲಿ 1720ರಿಂದ ನೇಯುತ್ತಿದ್ದಾರೆ. ಮುಟ್ಟಿದರೆ ಅಮ್ಮನ ಮೈಸೂರು ಸಿಲ್ಕ್ ನೆನಪಾಗುತ್ತದೆ. ಅದರ ಹೊಕ್ಕಿನ ನೂಲಿಗೆ ಬಿಗಿಯಾಗಿ ಹುರಿ ಹಾಕಿರುತ್ತಾರೆ. ನೀರು ತಾಗಿದರೆ ಆ ಹುರಿ ಮುದುಡಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಒಂದು ಚಂದದ ಚೂರನ್ನು ಬಕೆಟ್ಟಿಗೆ ಹಾಕಿದೆ. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಕಣ್ಣೆದುರೇ ಸುರುಟಿಕೊಂಡಿತು. ಅವತ್ತು ಅತ್ತೆ. ಈಗ ಚಿರಿಮೆನ್ ನೆನೆಸುವುದೇ ಇಲ್ಲ. ನೆರಳಿನ ಗಾಳಿಗೆ ಕೆಲವು ದಿನ ತೂಗುಹಾಕಿ ಕರ್ಪೂರದ ವಾಸನೆ ಹೋಗಲು ಬಿಡುತ್ತೇನೆ. ಆಮೇಲೆ ಬಟ್ಟೆಯ ಹಿಂಬದಿಯಿಂದ, ತಾಗಿಯೂ ತಾಗದ ಹಾಗೆ ಇಸ್ತ್ರಿ.

ಕೆಂಪು ಲೈನಿಂಗ್ ಬಗ್ಗೆ ಬೇರೆಯೇ ಹೇಳಬೇಕು. ಹಳೆ ಕಿಮೊನೊಗಳ ಒಳಗೆ ಕುಂಕುಮದಂಥ ಕೆಂಪು ತೆಳು ರೇಷ್ಮೆ ಇರುತ್ತದೆ, ಮೋಮಿ ಅಂತ. ತುಂಬಾ ಹಳೆಯದಾದರೆ ಆ ಬಣ್ಣ ಬೆನಿಬಾನಾ ಹೂವಿನದು. ಬೆನಿಬಾನಾ ಅಂದರೆ ನಮ್ಮ ಕುಸುಬೆ! ನಮ್ಮ ಹೊಲದಲ್ಲಿ ಎಣ್ಣೆಗೆ ಬೆಳೆಯುತ್ತಿದ್ದ ಮುಳ್ಳಿನ ಗಿಡ. ಅದರ ಹೂವಿನಲ್ಲಿ ಇಂಥ ಕೆಂಪು ಇದೆ ಅಂತ ನಾನು ತಿಳಿದದ್ದು ಇಷ್ಟು ದೂರ ಬಂದ ಮೇಲೆ. ಹೂವಿನ ಹಳದಿಯನ್ನು ಮೊದಲು ನೀರಲ್ಲಿ ತೊಳೆದು ತೆಗೆಯುತ್ತಾರೆ. ಕೆಂಪು ಬಿಡುವುದು ಬೂದಿ ನೀರಿಗೆ. ಅಂದರೆ ಕ್ಷಾರಕ್ಕೆ. ಸಾಮಾನ್ಯ ಸಾಬೂನೂ ಕ್ಷಾರವೇ ಅಲ್ವಾ, ಅದಕ್ಕೇ ಒಗೆದರೆ ಬಣ್ಣ ಹರಿದುಹೋಗುತ್ತದೆ. ಬೆವರಿಗೆ ನಾನು ಅಷ್ಟೇ ಹೆದರುತ್ತೇನೆ. ಹಾಗಾಗಿ ಮೋಮಿಯಿಂದ ಕಿವಿಗೆ, ಕತ್ತಿಗೆ ತಾಗುವ ಯಾವುದನ್ನೂ ಮಾಡಲ್ಲ. ಬ್ರೂಚಿನ ಹೂವಿಗೆ ಬಳಸುತ್ತೇನೆ.

ಹೂವು ಮಾಡುವುದು ತ್ಸುಮಾಮಿ ಕೈಕೆಲಸದಿಂದ. ಎದೊ ಕಾಲದಿಂದ (1603–1868) ಬಂದದ್ದು. ಮೈಕೊಗಳ, ಅಂದರೆ ಗೇಯ್ಷಾ ಆಗಲು ಕಲಿಯುತ್ತಿರುವ ಹುಡುಗಿಯರ ಮುಡಿಯಲ್ಲಿ ತಿಂಗಳಿಗೊಂದರಂತೆ ಬದಲಾಗುವ ಹೂಗಳೂ ಹೀಗೇ ಆದವು. ನಾನು ತೆಳು ರೇಷ್ಮೆಯನ್ನು 2 ಸೆಂಟಿಮೀಟರ್ ಚೌಕಗಳಾಗಿ ಕತ್ತರಿಸುತ್ತೇನೆ. ಬೆರಳಿಗಿಂತ ಚಿಮುಟವೇ ಇಲ್ಲಿ ಕೈ. ಮೂಲೆಗೆ ಮೂಲೆ ಸೇರಿಸಿದರೆ ತ್ರಿಕೋನ. ಅದನ್ನು ಅರ್ಧ, ಮತ್ತೊಮ್ಮೆ ಅರ್ಧ ಮಡಚಿದರೆ ಚೂಪು ಎಸಳು. ಬದಲಿಗೆ ತ್ರಿಕೋನದ ಎರಡು ಬದಿಯ ತುದಿಗಳನ್ನು ಮೇಲಿನ ತುದಿಗೆ ತಂದು, ಹಿಂದಕ್ಕೆ ಅರ್ಧ ಮಡಚಿದರೆ ದುಂಡು ಎಸಳು. ಬುಡವನ್ನು ಕತ್ತರಿಯಿಂದ ಸವರಿ, ಹಲಗೆ ಮೇಲೆ ತೆಳ್ಳಗೆ ಹರಡಿದ ಅಂಟಿನಲ್ಲಿ ಸಾಲಾಗಿ ನಿಲ್ಲಿಸುತ್ತೇನೆ. ಸ್ವಲ್ಪ ಹೊತ್ತು ಅಂಟು ಕುಡಿದ ಮೇಲೆ ಒಂದೊಂದನ್ನೇ ಎತ್ತಿ ಬಟ್ಟೆ ಸುತ್ತಿದ ರಟ್ಟಿನ ಮೇಲೆ ಕೂರಿಸುತ್ತೇನೆ. ಎದುರುಬದುರು ಎಸಳುಗಳನ್ನು ಮೊದಲು ಇಟ್ಟು, ನಡುವೆ ಉಳಿದವನ್ನು ತುಂಬಿದರೆ ಹೂವು ವಾಲಲ್ಲ. ಕೊನೆಗೆ ಚಿಮುಟದ ತುದಿಯಿಂದ ಎಸಳನ್ನು ಬಿಡಿಸಬೇಕು. ಮೊಗ್ಗು ಅರಳಿದ ಹಾಗೆ ಕಾಣುವುದು ಆ ಕ್ಷಣದಲ್ಲೇ.

ಹಳೆಯ ಪದ್ಧತಿಯ ಅಂಟು ಅಕ್ಕಿಯದು. ನಿಧಾನ ಒಣಗುತ್ತದೆ, ತಪ್ಪಿದರೆ ಸರಿಮಾಡಲು ಸಮಯ ಕೊಡುತ್ತದೆ. ನನಗೆ ಅದೇ ಇಷ್ಟ. ಆದರೆ ಜೂನ್-ಜುಲೈ ಮಳೆಯಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಓಲೆಯ ಹಿಂಬದಿಗೆ ಮಾತ್ರ ಮರಗೆಲಸದ ಬಿಳಿ ಗೋಂದು ಬಳಸುತ್ತೇನೆ. ಕೊಳ್ಳುವವರಿಗೆ ಹೇಳುವುದು ಒಂದೇ: ನೀರು ತಾಗಿಸಬೇಡಿ, ಸೆಂಟು ಹೊಡೆದುಕೊಂಡ ಮೇಲೆ ಹಾಕಿಕೊಳ್ಳಿ.

ಓಬಿ, ಅಂದರೆ ಕಿಮೊನೊ ಮೇಲೆ ಸೊಂಟಕ್ಕೆ ಸುತ್ತುವ ಅಗಲದ ಪಟ್ಟಿ. ಆ ಬಟ್ಟೆ ನನಗೆ ಕಡಿಮೆ ಒಗ್ಗಿದೆ. ಕ್ಯೋಟೊದ ನೇಕಾರರ ಕೇರಿ ನಿಶಿಜಿನ್‌ನ ಓಬಿಗಳ ಹೊಳಪಿನಲ್ಲಿ ಎಷ್ಟೋ ಬಾರಿ ಚಿನ್ನದ ರೇಕು ಅಂಟಿಸಿ ಸಣ್ಣಗೆ ಸೀಳಿದ ಕಾಗದ ಇರುತ್ತದೆ. ಕತ್ತರಿಸಿದ ಕೂಡಲೇ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಗುಂಡಿಯ ಅಚ್ಚಿಗೆ ಸುತ್ತಿ ಓಲೆ ಮಾಡಿ ಮುಗಿಸುತ್ತೇನೆ. ಚಿತ್ತಾರದ ಯಾವ ಭಾಗ ಬೇಕು ಅಂತ ನೋಡಲು ರಟ್ಟಿನಲ್ಲಿ ಓಲೆಯಷ್ಟೇ ದುಂಡು ತೂತು ಕೊರೆದು, ಬಟ್ಟೆ ಮೇಲೆ ಸರಿಸುತ್ತಾ ಹೋಗುತ್ತೇನೆ. ಗಂಟೆಗಟ್ಟಲೆ ಸರಿಸಿದ್ದೂ ಇದೆ.

ಉಡಲು ಬರುವ ಕಿಮೊನೊಗೆ ನಾನು ಕತ್ತರಿ ಹಾಕುವುದಿಲ್ಲ. ಕಪಾಟಿನಲ್ಲಿ ಮೇಯ್ಸೆನ್ ಅನ್ನುವ ರೇಷ್ಮೆಯ ಒಂದು ಕಿಮೊನೊ ಇದೆ. ನೇಯುವ ಮೊದಲೇ ನೂಲಿಗೆ ಬಣ್ಣ ಕೊಟ್ಟದ್ದು, ನೇರಳೆ ಮೇಲೆ ದೊಡ್ಡ ಬಿಳಿ ಹೂ, ಅಂಚು ಸ್ವಲ್ಪ ಮಂಜು ಮಂಜು. ಓಲೆಗೆಂದೇ 1000 ಯೆನ್ ಕೊಟ್ಟು ತಂದೆ. ಮನೆಯಲ್ಲಿ ಹಾಸಿ ನೋಡಿದರೆ ಒಂದೂ ತೂತಿಲ್ಲ, ಹೊಲಿಗೆ ಗಟ್ಟಿಯಾಗಿದೆ. ನನಗೆ ತೋಳು ಗಿಡ್ಡ. ಪಕ್ಕದ ಮನೆಯ ಅಜ್ಜಿ ತಮ್ಮ ಮೊಮ್ಮಗಳಿಗೆ ಸರಿಹೋಗಬಹುದು ಅಂದರು. ಈ ಭಾನುವಾರ ಅವಳು ಬಂದು ಹಾಕಿ ನೋಡುತ್ತಾಳೆ.