ನದಿದಂಡೆಯ ಕಾಲುದಾರಿಯಲ್ಲಿ ಇತಿಹಾಸ ಹುಡುಕುವವರಿಗೆ

ನದಿದಂಡೆಯ ಕಾಲುದಾರಿಯಲ್ಲಿ ಇತಿಹಾಸ ಹುಡುಕಿ ಹೊರಡುವವರು ಮಾಹಿತಿ ಫಲಕಗಳಿಗಿಂತ ಮೊದಲು ಹಳೆಯ ಸೇತುವೆಗಳನ್ನು ಗಮನಿಸುವುದು ಒಳ್ಳೆಯದು. ಕಲ್ಲಿನ ಕಂಬಗಳ ಬುಡವನ್ನು ನೀರು ಹರಿದುಬರುವ ದಿಕ್ಕಿಗೆ ಚೂಪಾಗಿ ಕಟ್ಟಿರುವುದು ಪ್ರವಾಹದ ರಭಸವನ್ನು ಸೀಳುವುದಕ್ಕಾಗಿ. ಕಮಾನಿನ ಅಂಚಿನಲ್ಲಿ ಬೆರಳು ಹುದುಗುವಷ್ಟು ಆಳದ ನುಣುಪಾದ ಗೀರುಗಳಿದ್ದರೆ, ದಡದಲ್ಲಿ ನಡೆಯುವ ಕುದುರೆಗಳು ದೋಣಿಗಳನ್ನು ಎಳೆಯುತ್ತಿದ್ದ ಕಾಲದಲ್ಲಿ ಹಗ್ಗ ಉಜ್ಜಿ ಉಜ್ಜಿ ಕಲ್ಲು ಸವೆದಿರುವ ಸಾಧ್ಯತೆ ಹೆಚ್ಚು. ಗೋಡೆಗಳ ಮೇಲೆ ಇಸವಿಯೊಡನೆ ಕೊರೆದ ಅಡ್ಡಗೆರೆಗಳು ಹಿಂದಿನ ಪ್ರವಾಹಗಳ ಮಟ್ಟವನ್ನು ತಿಳಿಸುತ್ತವೆ. ಪ್ಯಾರಿಸ್‌ನ ಅಲ್ಮಾ ಸೇತುವೆಯ ಸೈನಿಕನ ಪ್ರತಿಮೆಗೆ 1910ರಲ್ಲಿ ಸೇನ್ ನದಿಯ ನೀರು ಭುಜದವರೆಗೂ ಏರಿತ್ತು. ಇಂತಹ ಒಂದು ಗುರುತು ಪುಟಗಟ್ಟಲೆ ವಿವರಣೆಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊರಡುವ ಮುನ್ನ ಹಳೆಯ ನಕ್ಷೆಯೊಂದನ್ನು ಇಂದಿನ ನಕ್ಷೆಯ ಪಕ್ಕದಲ್ಲಿಟ್ಟು ನೋಡಿದರೆ, ನದಿಯ ಪಾತ್ರ ಬದಲಾದ ಜಾಗಗಳು, ಮುಚ್ಚಿಹೋದ ಕಾಲುವೆಗಳು ಮತ್ತು ಸೇತುವೆ ಬರುವ ಮೊದಲು ಜನರು ಹೊಳೆ ದಾಟುತ್ತಿದ್ದ ಕಡವುಗಳು ಗೊತ್ತಾಗುತ್ತವೆ. ನೀರು ಇಳಿದಿರುವ ತಿಂಗಳುಗಳಲ್ಲಿ ಹಳೆಯ ಮೆಟ್ಟಿಲುಗಳು ಮತ್ತು ದೋಣಿ ಕಟ್ಟುವ ಬಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಮೇಲ್ಭಾಗದಲ್ಲಿ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯವನ್ನು ವಿಚಾರಿಸದೆ ಪಾತ್ರಕ್ಕೆ ಇಳಿಯಬಾರದು. ಮಡಕೆ ಚೂರು ಅಥವಾ ನಾಣ್ಯ ಸಿಕ್ಕರೆ ಅದನ್ನು ಕದಲಿಸದೆ ಛಾಯಾಚಿತ್ರ ತೆಗೆದು, ಸ್ಥಳವನ್ನು ಗುರುತಿಸಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ.