ಎರಡು ಬಣ್ಣಗಳಲ್ಲಿ ಒಂದನ್ನು ಗೋಡೆಗೆ ಆರಿಸುವ ಬಗೆ

ಪಡಸಾಲೆಗೆ ತಿಳಿ ಹಳದಿಯೋ, ತಿಳಿ ಬೂದಿಯೋ ಎಂಬ ಗೊಂದಲವನ್ನು ಅಂಗಡಿಯ ಶೇಡ್ ಕಾರ್ಡ್ ಬಗೆಹರಿಸುವುದಿಲ್ಲ. ಬೆರಳಗಲದ ಚೌಕದಲ್ಲಿ ತಿಳಿಯಾಗಿ ಕಂಡದ್ದು ನಾಲ್ಕೂ ಗೋಡೆಗೆ ಹರಡಿದಾಗ ಗಾಢವಾಗಿ ಕಾಣುತ್ತದೆ. ಎರಡೂ ಬಣ್ಣಗಳ ಚಿಕ್ಕ ಡಬ್ಬಿ ತಂದು, ದಪ್ಪನೆಯ ಬಿಳಿ ಡ್ರಾಯಿಂಗ್ ಶೀಟಿಗೆ ಅಂಚಿನಲ್ಲಿ ಬಿಳುಪು ಉಳಿಯುವಂತೆ ಎರಡೆರಡು ಕೋಟ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಕಿಟಕಿಯ ಪಕ್ಕದ ಗೋಡೆಗೂ ಎದುರಿನ ಗೋಡೆಗೂ ಅಂಟಿಸಿ ನೋಡಬೇಕು. ಗೋಡೆಗೇ ಬಳಿದರೆ ಸುತ್ತಲಿನ ಹಳೆಯ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ.

ಮುಖ್ಯವಾದದ್ದು ಬೆಳಕು. ಪಶ್ಚಿಮಕ್ಕೆ ಕಿಟಕಿಯಿದ್ದರೆ ಸಂಜೆಯ ಬಿಸಿಲಿನಲ್ಲಿ ಹಳದಿಯು ಕಿತ್ತಳೆಯತ್ತ ವಾಲುತ್ತದೆ. ಧಾರವಾಡದ ಮಳೆಗಾಲದ ಮೋಡದಲ್ಲಿ ಬೂದಿ ಬಣ್ಣ ಇನ್ನಷ್ಟು ಮಂಕಾಗುತ್ತದೆ. ರಾತ್ರಿ 2700 ಕೆಲ್ವಿನ್‌ನ (ದೀಪದ ಬೆಳಕಿನ ಬಣ್ಣ ಸೂಚಿಸುವ ಅಳತೆ) ಎಲ್‌ಇಡಿ ದೀಪ ಹಳದಿ ಛಾಯೆಯನ್ನೂ 6500 ಕೆಲ್ವಿನ್‌ನದು ನೀಲಿ ಛಾಯೆಯನ್ನೂ ಬೀರುವುದರಿಂದ, ನಿತ್ಯ ಉರಿಸುವ ದೀಪದಲ್ಲಿಯೇ ಪರೀಕ್ಷಿಸಬೇಕು. ನಮ್ಮ ಕಡೆಯ ಹಳೆಯ ಮನೆಗಳ ಬೂದು ಬಣ್ಣದ ಶಹಾಬಾದ್ ಫರಸಿಯ (ಹಾಸುಗಲ್ಲಿನ) ನೆಲಕ್ಕೆ ಬೂದಿ ಗೋಡೆಯೂ ಕೂಡಿದರೆ, ನನ್ನ ಕಣ್ಣಿಗಂತೂ, ಅದು ಗೋದಾಮಿನಂತೆ ಕಾಣುತ್ತದೆ.

ಮೂರು ದಿನ ನೋಡಿಯೂ ಎರಡೂ ಸಮವೆನಿಸಿದರೆ ತಿಳಿಯಾದುದನ್ನು ಆರಿಸಿ, ಮುಂದೆ ತೇಪೆ ಹಚ್ಚಲು ಬೇಕಾಗುವ ಶೇಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.